ಮೊದಲು ಯಾವುದು ಕಲಿಸೋದು?

ಜೂನ್ ಬಂತೆಂದರೆ ನಮ್ಮ ಕಡೆ ಮಳೆಯೂ ಹಿಡಿಯುತ್ತದೆ, ಐಇಪಿ ಬರೆಯುವ ಕೆಲಸವೂ ಹಿಡಿಯುತ್ತದೆ. ಐಇಪಿ ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ. ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ಈ ವರ್ಷ ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರು ಕಲಿಸಬೇಕು, ಕಲಿತಿದೆ ಅಂತ ಗೊತ್ತಾಗುವುದು ಹೇಗೆ, ಇಷ್ಟನ್ನೂ ಬರೆದಿಡುವ ಕಾಗದ. ಸಾಗರ, ಹೊಸನಗರ ಕಡೆಯ ಶಾಲೆಗಳಿಗೆ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ಹೋಗಿ ಈ ಕಾಗದ ಬರೆಯುವುದು, ಬರೆದದ್ದನ್ನು ನಡೆಸುವುದು ನನ್ನ ಕೆಲಸ. ಇಲಾಖೆಯ ಲೆಕ್ಕದಲ್ಲಿ ನಾನು ಬಿಐಇಆರ್‌ಟಿ. ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ. ಊರಿನವರ ಬಾಯಲ್ಲಿ ಬರೀ ಅಕ್ಕೋರು.

ಕಾಗದ ತುಂಬುವುದು ಕಷ್ಟವಲ್ಲ. ನಮೂನೆ ಇದೆ, ಕಾಲಂಗಳಿವೆ. ಕಷ್ಟ ಇರುವುದು ಒಂದೇ ಕಡೆ. ಮಗುವಿಗೆ ಬಾರದ್ದು ಇಪ್ಪತ್ತು ಇರುತ್ತವೆ. ಒಂದು ವರ್ಷದಲ್ಲಿ ಮನಸ್ಸಿಟ್ಟು ಕಲಿಸಲು ಆಗುವುದು ಮೂರು, ಹೆಚ್ಚೆಂದರೆ ನಾಲ್ಕು. ಆ ಮೂರು ಯಾವುವು? ಅದನ್ನು ಯಾರು ಹೇಳಬೇಕು? ನನ್ನ ಮಟ್ಟಿಗೆ ಇಡೀ ವಿಶೇಷ ಶಿಕ್ಷಣ ನಿಂತಿರುವುದು ಈ ಆಯ್ಕೆಯ ಮೇಲೆ. ಕಲಿಸುವ ವಿಧಾನ, ಸಾಮಗ್ರಿ, ತರಬೇತಿ ಎಲ್ಲ ಆಮೇಲಿನ ಮಾತು.

ಹೊಸನಗರದಿಂದ ನಗರ ಅನ್ನುವ ಊರಿನ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಒಂಟಿ ಮನೆ. ಜೀಪ್ ರಸ್ತೆ ಮುಗಿದ ಮೇಲೆ ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ), ಸಂಕದಾಚೆ ತೋಟ, ತೋಟದ ತಲೆಗೆ ಮನೆ. ಅಲ್ಲೊಬ್ಬ ಒಂಬತ್ತು ವರ್ಷದ ಹುಡುಗ, ಡೌನ್ ಸಿಂಡ್ರೋಮ್ ಇದೆ. ಹೆಸರು, ಊರು ಇಲ್ಲಿ ಬೇಡ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಪುಟ್ಟ ಅನ್ನುತ್ತೇನೆ.

ಯೋಜನೆ ಬರೆಯಲು ಜಗಲಿಯಲ್ಲಿ ಕೂತಾಗ ಅವನ ಅಮ್ಮ ಮೊದಲು ಹೇಳಿದ್ದು, "ಹೆಸರು ಬರೆಯೋದು ಕಲಿಸಿ ಅಕ್ಕೋರೆ. ಅಷ್ಟು ಬಂದ್ರೆ ಸಾಕು."

ಅಜ್ಜಿ ಒಳಗಿಂದಲೇ ಕೂಗಿದರು. "ಹೆಸರು ಆಮೇಲೆ ಬರೀಲಿ. ಮೊದ್ಲು ಚಡ್ಡಿ ಹಾಕ್ಕೊಳ್ಳೋದು ಕಲಿಸು ಮಾರಾಯ್ತಿ. ನನ್ನ ಕೈಲಿ ಬಗ್ಗೋಕೆ ಆಗಲ್ಲ."

ಅಪ್ಪನಿಗೆ ಬೇಕಿದ್ದದ್ದು ಬೇರೆ. ಯಾರಾದರೂ ಬಂದು ಮಾತಾಡಿಸಿದರೆ ಇವನು ಉತ್ತರ ಕೊಡಬೇಕು. ಶಾಲೆಯ ಮೇಷ್ಟ್ರು ಹಿಂದಿನ ದಿನವೇ ನನಗೆ ಹೇಳಿದ್ದರು, "ಒಂದು ಪೀರಿಯಡ್ ಕೂತ್ಕೊಂಡ್ರೆ ಸಾಕು ಮೇಡಂ, ಉಳಿದಿದ್ದು ನಾನು ನೋಡ್ಕೋತೀನಿ."

ನಾಲ್ಕು ಜನ, ನಾಲ್ಕು ಬೇಡಿಕೆ. ಯಾರದ್ದೂ ತಪ್ಪಲ್ಲ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಪುಟ್ಟ ಅಲ್ಲೇ ಮೂಲೆಯಲ್ಲಿ, ತೋಟದಲ್ಲಿ ಉದುರಿದ್ದನ್ನು ಹೆಕ್ಕಿ ತಂದಿದ್ದ ಅಡಿಕೆಯ ಬುಟ್ಟಿ ಮುಂದಿಟ್ಟುಕೊಂಡಿದ್ದ. ಕೆಂಪಗೆ ಹಣ್ಣಾದದ್ದು ಒಂದು ಕಡೆ, ಹಸಿರು ಕಾಯಿ ಇನ್ನೊಂದು ಕಡೆ. ಒಂದೂ ಬೆರೆಸಲಿಲ್ಲ. ಬಣ್ಣ ನೋಡಿ ವಿಂಗಡಿಸುವುದು, ಮಗುವಿಗೆ ಏನು ಬರುತ್ತದೆ ಅಂತ ಗುರುತು ಹಾಕುವ ನಮ್ಮ ಪಟ್ಟಿಗಳಲ್ಲಿ ಕಲಿಸಬೇಕಾದ ಒಂದು ಕೌಶಲ. ಅವನಿಗೆ ಅದು ಬಂದೇ ಬಿಟ್ಟಿತ್ತು. ಮನೆಯವರಿಗೆ ಅದು ಆಟವಾಗಿ ಕಂಡಿತ್ತು, ಶಾಲೆಯವರು ನೋಡಿರಲೇ ಇಲ್ಲ.

ಇಂಥ ಕಡೆ ನಾನು ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ? ಮಗುವಿಗೆ ಬಾರದಿದ್ದರೆ ಬೇರೆ ಯಾರು ಮಾಡಿಕೊಡಬೇಕು? ಇದೊಂದು ಬಂದರೆ ಇನ್ನೇನಕ್ಕೆ ದಾರಿಯಾಗುತ್ತದೆ? ಮಗು ಈಗಾಗಲೇ ಆ ಕಡೆ ಕೈ ಚಾಚುತ್ತಿದೆಯಾ?

ಹೀಗೆ ಕೇಳುತ್ತಾ ಹೋದಾಗ ಅಜ್ಜಿ ಹೇಳಿದ್ದೇ ಮೇಲೆ ಬಂತು. ಪುಟ್ಟ ಶಾಲೆಗೆ ಸರಿಯಾಗಿ ಹೋಗುತ್ತಿರಲಿಲ್ಲ. ಹೋದರೂ ಊಟಕ್ಕೆ ಮೊದಲೇ ವಾಪಸ್. ಕಾರಣ ಶೌಚಾಲಯ. ಚಡ್ಡಿ ಬಿಚ್ಚಿ ಹಾಕಲು ಅಲ್ಲಿ ಅಜ್ಜಿ ಇಲ್ಲ. ಕ್ಲಾಸಿನಲ್ಲಿ ಕೂರುವುದಿಲ್ಲ ಅನ್ನುವುದೂ ಬಹಳ ಮಟ್ಟಿಗೆ ಇದರದ್ದೇ ಬಾಲ. ಅವಸರವಾದಾಗ ಹೇಳಲು ಬಾರದ ಹುಡುಗ ಎದ್ದು ಓಡಾಡದೆ ಇನ್ನೇನು ಮಾಡುತ್ತಾನೆ? ಹೇಳುವುದು, ಹೋಗಿಬರುವುದು ಎರಡೂ ಬಂದರೆ ಮೇಷ್ಟ್ರ ಬೇಡಿಕೆ ಅರ್ಧ ತೀರಿದಂತೆ. ಅಪ್ಪನದ್ದೂ ಸ್ವಲ್ಪ.

ಆದರೆ ಬರೆಯುವುದು ಹೇಗೆ? ಬಹಳಷ್ಟು ಕಡತಗಳಲ್ಲಿ ನಾನು ನೋಡುವ ಸಾಲು ಇದು: 'ಮಗುವಿನ ಸ್ವಸಹಾಯ ಕೌಶಲ್ಯಗಳನ್ನು ಅಭಿವೃದ್ಧಿಪಡಿಸುವುದು.' ಈ ಸಾಲನ್ನು ಯಾವ ಮಗುವಿಗೆ ಬೇಕಾದರೂ ಬರೆಯಬಹುದು. ಮಾರ್ಚ್ ತಿಂಗಳಲ್ಲಿ ಆಯಿತು ಅಂತಲೂ ಬರೆಯಬಹುದು, ಆಗಲಿಲ್ಲ ಅಂತಲೂ ಬರೆಯಬಹುದು. ಪುಟ್ಟನ ಕಾಗದದಲ್ಲಿ ನಾವು ಬರೆದದ್ದು: 'ಮಣೆಯ ಮೇಲೆ ಕೂತು, ಮೊಣಕಾಲಿನವರೆಗೆ ಬಂದ ಎಲಾಸ್ಟಿಕ್ ಚಡ್ಡಿಯನ್ನು ಎದ್ದು ನಿಂತು ಸೊಂಟದವರೆಗೆ ತಾನೇ ಎಳೆದುಕೊಳ್ಳುತ್ತಾನೆ. ಐದು ಸಲದಲ್ಲಿ ನಾಲ್ಕು ಸಲ. ಬಾಯಲ್ಲಿ ಹೇಳಬಹುದು, ಕೈ ಹಾಕಬಾರದು. ದಸರಾ ರಜೆಯೊಳಗೆ.' ಇದು ಆಯಿತೋ ಇಲ್ಲವೋ ಅಂತ ಹೇಳಲು ಯಾವ ಡಿಗ್ರಿಯೂ ಬೇಡ. ಅಜ್ಜಿಯೇ ಹೇಳುತ್ತಾರೆ.

ಕೊನೆಯ ಹಂತದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಚಡ್ಡಿ ಹಾಕಿಕೊಳ್ಳುವುದು ಒಂದು ಕೆಲಸ ಅಂತ ನಮಗೆ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಏಳೆಂಟು ಕೆಲಸ. ಹಿಂದು ಮುಂದು ಗುರುತಿಸಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು, ಒಂದು ಕಾಲು ತೂರಿಸಬೇಕು, ಇನ್ನೊಂದು ಕಾಲು, ಮೊಣಕಾಲಿನವರೆಗೆ ಎಳೆಯಬೇಕು, ನಿಲ್ಲಬೇಕು, ಸೊಂಟಕ್ಕೆ ಏರಿಸಬೇಕು. ಮೊದಲಿನಿಂದ ಶುರು ಮಾಡಿದರೆ ಮಗು ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ, ಉಳಿದದ್ದನ್ನು ದೊಡ್ಡವರು ಮಾಡಿ ಮುಗಿಸುತ್ತಾರೆ. ದಿನಾ ಸೋಲು. ಕೊನೆಯಿಂದ ಶುರು ಮಾಡಿದರೆ ಎಲ್ಲವನ್ನೂ ನಾವು ಮಾಡಿ, ಕಡೆಯ ಎಳೆತವೊಂದನ್ನು ಅವನಿಗೆ ಬಿಡುತ್ತೇವೆ. ಕೆಲಸ ಮುಗಿಸಿದವನು ಅವನೇ. ಅದು ಗಟ್ಟಿಯಾದ ಮೇಲೆ ಅದರ ಹಿಂದಿನದ್ದನ್ನು ಬಿಡುತ್ತೇವೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ ಸ್ನಾಯುಗಳು ಸಡಿಲ, ಬೆರಳುಗಳು ಗಿಡ್ಡ. ಚಡ್ಡಿಯ ಅಂಚು ಪುಟ್ಟನ ಬೆರಳಿನಿಂದ ಜಾರುತ್ತಿತ್ತು. ಅವನ ಅಮ್ಮ ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಕತ್ತರಿಸಿ, ಚಡ್ಡಿಯ ಎರಡೂ ಪಕ್ಕಕ್ಕೆ ಹೆಬ್ಬೆರಳು ತೂರುವಷ್ಟು ಕುಣಿಕೆ ಹೊಲಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೀಗ ಆ ಉಪಾಯವನ್ನು ಬೇರೆ ಮನೆಗಳಲ್ಲೂ ಹೇಳುತ್ತೇನೆ.

ಹೆಸರು ಬರೆಯುವ ವಿಷಯ ಏನಾಯಿತು ಅಂತ ಕೇಳಬಹುದು. ಪೆನ್ಸಿಲ್ ಹಿಡಿತವೇ ಇನ್ನೂ ಬಂದಿಲ್ಲ, ಮೂರು ವರ್ಷ ಬಿಟ್ಟು ನೋಡೋಣ ಅಂತ ಸುಮ್ನೆ ಪಕ್ಕಕ್ಕಿಡಬಹುದಿತ್ತು. ಯಾಕೆ ಹೆಸರೇ ಬೇಕು ಅಂತ ಅವನ ಅಮ್ಮನನ್ನು ಕೇಳಿದೆ. "ಹೆಸರು ಬರೆದ್ರೆ ಇವ್ನೂ ಶಾಲೆಗೆ ಹೋಗೋ ಹುಡುಗ ಅಂತ ಜನ ನಂಬ್ತಾರೆ ಅಕ್ಕೋರೆ" ಅಂದರು. ಆ ಮಾತಿನ ಮೇಲೆ ಅದನ್ನು ಕೈಬಿಡಲು ನನಗೆ ಮನಸ್ಸಾಗಲಿಲ್ಲ. ಬರೆಯುವ ಮೊದಲು ಗುರುತಿಸುವುದು ಅಂತ ಇಟ್ಟುಕೊಂಡೆವು. ಅವನ ಊಟದ ತಟ್ಟೆಯ ಮೇಲೆ, ಬ್ಯಾಗ್ ಸಿಕ್ಕಿಸುವ ಮೊಳೆಯ ಮೇಲೆ ಅವನ ಹೆಸರಿನ ಚೀಟಿ. ನಾಲ್ಕು ಹೆಸರಿನ ನಡುವೆ ತನ್ನದನ್ನು ಹುಡುಕಬೇಕು. ಬಿಸಿಯೂಟದ ಹೊತ್ತಿಗೆ ತನ್ನ ತಟ್ಟೆ ತಾನೇ ಆರಿಸಿ ತರಬೇಕು. ಮೂರನೇ ಸಾಲು ಅಡಿಕೆಯದ್ದು. ಹಣ್ಣು, ಕಾಯಿ ಬೇರೆ ಮಾಡುವವನಿಗೆ ದೊಡ್ಡದು ಚಿಕ್ಕದು ಬೇರೆ ಮಾಡುವುದು, ಆಮೇಲೆ ಐದೈದರ ಗುಂಪು. ಕ್ಲಾಸಿನ ಗಣಿತಕ್ಕೆ ಅವನ ಬಾಗಿಲು ಅದು.

ಪಟ್ಟಿಗಳು ಬೇಡವೇ ಅಂದರೆ, ಬೇಕು. ಬೌದ್ಧಿಕ ವಿಕಲತೆ ಇರುವ ಮಕ್ಕಳಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಎಂಡಿಪಿಎಸ್ ಅನ್ನುವ ಪಟ್ಟಿ, ಮದ್ರಾಸಿನಲ್ಲಿ ತಯಾರಾದದ್ದು. ಅದರಲ್ಲಿ 18 ವಿಭಾಗಗಳು, ಒಂದೊಂದರಲ್ಲಿ 20 ಅಂಶಗಳು, ಒಟ್ಟು 360. ಊಟ, ಬಟ್ಟೆ, ಶೌಚ, ಮಾತು, ಓದು, ಲೆಕ್ಕ, ಹಣ, ಸಮಯ, ಮನೆಗೆಲಸ ಹೀಗೆ. ಸುಲಭದ್ದರಿಂದ ಕಷ್ಟದ್ದರ ಕಡೆಗೆ ಜೋಡಿಸಿರುತ್ತಾರೆ. ಇದೇ ಮಕ್ಕಳಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಎಫ್‌ಎಸಿಪಿ ಅನ್ನುವ ಪಟ್ಟಿಯೂ ಇದೆ. ಇವನ್ನು ಹಿಡಿದು ಕೂತರೆ ನಾವು ಮರೆಯುವ ಎಷ್ಟೋ ವಿಷಯ ಕಣ್ಣಿಗೆ ಬೀಳುತ್ತವೆ. ಮಗು ಎಲ್ಲಿ ನಿಂತಿದೆ ಅಂತ ಪಟ್ಟಿ ಹೇಳುತ್ತದೆ. ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಆ ಮಗುವಿನ ದಿನಚರಿ. ಸಂಕ ದಾಟುವುದು ಯಾವ ಪಟ್ಟಿಯಲ್ಲಿದೆ ಹೇಳಿ? ಮಲೆನಾಡಿನ ಎಷ್ಟೋ ಮಕ್ಕಳಿಗೆ ಶಾಲೆ ಶುರುವಾಗುವುದೇ ಸಂಕದ ಮೇಲೆ. ಅದಕ್ಕೇ ನಾನು ಪ್ರತಿ ಪಟ್ಟಿಯ ಕೆಳಗೆ ಕೈಯಲ್ಲೇ ನಾಲ್ಕೈದು ಸಾಲು ಸೇರಿಸುತ್ತೇನೆ. ಸಂಕ ದಾಟುವುದು, ಬೇಲಿಯ ದಣಪೆಯ ಅಡ್ಡಗಳು ತೆಗೆದು ಮತ್ತೆ ಹಾಕುವುದು, ಕಾಲಿಗೆ ಇಂಬಳ (ಜಿಗಣೆ) ಹತ್ತಿದರೆ ಹೇಳುವುದು.

ಈ ಯೋಜನೆ ಅನ್ನುವುದು ಕಾನೂನಿನ ರೂಪ ಪಡೆದದ್ದು ಅಮೆರಿಕದಲ್ಲಿ. 1975ರ ನವೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ, ವಿಕಲತೆ ಇರುವ ಪ್ರತಿ ಮಗುವಿಗೂ ಬರಹದಲ್ಲಿರುವ ಯೋಜನೆ ಬೇಕು ಅಂದಿತು. ಅದನ್ನು ಬರೆಯುವ ಸಭೆಯಲ್ಲಿ ತಂದೆ ತಾಯಿ ಇರಬೇಕು, ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಬೇಕು, ಒಪ್ಪಿಗೆಯಾಗದಿದ್ದರೆ ತಂದೆ ತಾಯಿ ಪ್ರಶ್ನಿಸಬಹುದು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತು ಸೇರಿಸಿತು. ಹೆಸರಿಗೆ ಒಂದಿಷ್ಟು ಪ್ರಗತಿ ಆದರೆ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕಷ್ಟು ಪ್ರಗತಿ ಆಗುವಂತೆ ಯೋಜನೆ ಇರಬೇಕು ಅಂತ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 1995ರ ಹಳೇ ಕಾಯ್ದೆಯಲ್ಲಿ ವಿಕಲತೆಗಳು ಏಳೇ ಇದ್ದವು, ಇದರಲ್ಲಿ 21. ಇದರ 16ನೇ ಸೆಕ್ಷನ್ ಪ್ರಕಾರ ಶಾಲೆ ಮಗುವಿಗೆ ತಕ್ಕ ವೈಯಕ್ತಿಕ ಬೆಂಬಲ ಕೊಡಬೇಕು, ಪ್ರತಿ ಮಗುವಿನ ಪ್ರಗತಿಯನ್ನೂ ಗಮನಿಸುತ್ತಿರಬೇಕು. 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಹೆಚ್ಚು ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅದೂ ಹತ್ತಿರದ ಶಾಲೆಯಲ್ಲಿ, ಇಲ್ಲವೇ ತಾನು ಬಯಸುವ ವಿಶೇಷ ಶಾಲೆಯಲ್ಲಿ. ಹಕ್ಕು ಗಟ್ಟಿಯಾಗಿದೆ. ಅದನ್ನು ಒಂದು ಮಗುವಿನ ಸೋಮವಾರ, ಮಂಗಳವಾರಕ್ಕೆ ಇಳಿಸುವ ಕೆಲಸ ನಮ್ಮದು.

ಇದು ಹೊರಗಿನಿಂದ ಬಂದ ಪದ್ಧತಿ, ನಮ್ಮ ಕ್ಲಾಸಿಗೆ ಹೊಂದುವುದಿಲ್ಲ ಅಂತ ಕೆಲವು ಶಿಕ್ಷಕರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿಕಲಿ ನೋಡಿದವರಿಗೆ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು. ಒಂದೇ ಕೋಣೆಯಲ್ಲಿ ಒಬ್ಬಳು ಹತ್ತನೇ ಮೆಟ್ಟಿಲಲ್ಲಿ, ಇನ್ನೊಬ್ಬ ನಾಲ್ಕನೇ ಮೆಟ್ಟಿಲಲ್ಲಿ, ಪ್ರತಿ ಮಗುವೂ ತನ್ನ ವೇಗದಲ್ಲಿ. ಗುಂಪು ಕೂರುವ ಜಾಗಕ್ಕೆ ಅಲ್ಲಿ ತಟ್ಟೆ ಅನ್ನುತ್ತಾರೆ. ಶಿಕ್ಷಕರ ನೆರವು ಜಾಸ್ತಿ ಬೇಕಾದವರು ಒಂದು ತಟ್ಟೆಯ ಸುತ್ತ, ತಾವೇ ಮಾಡಿಕೊಳ್ಳುವವರು ಇನ್ನೊಂದು ತಟ್ಟೆಯ ಸುತ್ತ. ಇಷ್ಟನ್ನು ಮಾಡುವ ಶಿಕ್ಷಕಿಗೆ ಪುಟ್ಟನ ಏಣಿಗೆ ನಡುವೆ ಎರಡು ಸಣ್ಣ ಮೆಟ್ಟಿಲು ಸೇರಿಸುವುದು ಹೊಸ ವಿದ್ಯೆ ಏನಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಮಾಯವಾಗಿ ಎಲ್ಲರಿಗೂ ಒಂದೇ ಪಾಠ ಶುರುವಾಗುತ್ತದೆ. ನಮ್ಮ ಮಕ್ಕಳು ಕೈಬಿಟ್ಟುಹೋಗುವುದು ಜಾಸ್ತಿ ಅಲ್ಲೇ.

ಇನ್ನು ಮಳೆಯ ಮಾತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಯಾವ ನಮೂನೆಯಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟೂಬಿಡದೆ. ಶೈಕ್ಷಣಿಕ ವರ್ಷದ ಅರ್ಧ ಭಾಗ ಮಳೆಯಲ್ಲೇ ಹೋಗುತ್ತದೆ. ಆರನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ, ಎರಡೂ ಕಿವಿಗೆ ಕೇಳಿಸುವ ಮಿಷನ್. ಬೇಸಿಗೆಯಲ್ಲಿ ಅವಳು ಪಾಠ ಚೆನ್ನಾಗಿ ಹಿಡಿಯುತ್ತಾಳೆ. ಜುಲೈನಲ್ಲಿ ಅವಳ ಅಂಕ ಬೀಳುತ್ತದೆ. ಕಾರಣ ತಿಳಿಯಬೇಕಾದರೆ ಜುಲೈನಲ್ಲೇ ಹೋಗಿ ಅವಳ ಪಕ್ಕ ಕೂರಬೇಕು. ಕ್ಲಾಸಿನ ಮೇಲೆ ತಗಡಿನ ಶೀಟು. ಜೋರು ಮಳೆ ಬಂದಾಗ ಕಿವಿ ಸರಿ ಇರುವ ನಮಗೇ ಮೇಷ್ಟ್ರ ಮಾತು ಕೇಳುವುದಿಲ್ಲ. ಕಿವಿಯ ಮಿಷನ್ ಮಾತನ್ನು ದೊಡ್ಡದು ಮಾಡುವ ಹಾಗೆ ಮಳೆಯ ಸದ್ದನ್ನೂ ದೊಡ್ಡದು ಮಾಡುತ್ತದೆ. ಅವಳು ಮೆಲ್ಲಗೆ ಅದನ್ನು ತೆಗೆದು ಕಂಪಾಸ್ ಬಾಕ್ಸಿಗೆ ಹಾಕಿಕೊಳ್ಳುತ್ತಿದ್ದಳು. ಮನೆಯವರು 'ಮಿಷನ್ ಹಾಕ್ಕೊಳ್ಳಲ್ಲ, ಹಟ' ಅಂದುಕೊಂಡಿದ್ದರು.

ತೇವ ಇನ್ನೊಂದು ಶತ್ರು. ಗೋಡೆ ಬೆವರುವ ತಿಂಗಳುಗಳಲ್ಲಿ ಮಿಷನ್ ಒಳಗೂ ತೇವ ಸೇರುತ್ತದೆ, ಸದ್ದು ಕಟ್ ಆಗುತ್ತದೆ. ಗುಂಡಿಯಂಥ ಬ್ಯಾಟರಿ ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಮನೆಯಲ್ಲಿ ಒಣಗಲಿ ಅಂತ ಮಿಷನ್ನನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹಪ್ಪಳ, ಉಪ್ಪಿನಕಾಯಿ ಎಲ್ಲ ಕೆಡದಂತೆ ಉಳಿಯುವುದು ಅಲ್ಲೇ ಅಲ್ವಾ. ಆದರೆ ಆ ಬಿಸಿಗೆ, ಹೊಗೆಗೆ ಮಿಷನ್ ಹಾಳಾಗುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಸಾಕು.

ಹಾಗಾಗಿ ಆ ಹುಡುಗಿಯ ಯೋಜನೆಯಲ್ಲಿ ಮಳೆಗಾಲಕ್ಕೇ ಒಂದು ಪುಟ ಇದೆ. ಮೊದಲ ಸಾಲಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ, ಶಿಕ್ಷಕರು ನಿಲ್ಲುವ ಜಾಗಕ್ಕೆ ಎರಡು ಮೂರು ಅಡಿಯಲ್ಲಿ ಅವಳ ಜಾಗ. ಪಾಠದ ಮುಖ್ಯ ಪದಗಳು ಮೊದಲೇ ಬೋರ್ಡಿನ ಮೇಲೆ. ಬೋರ್ಡಿಗೆ ಮುಖ ಮಾಡಿ ಮಾತಾಡಬಾರದು, ಅವಳು ತುಟಿ ನೋಡುತ್ತಾಳೆ. ಮಳೆಗೆ ಕತ್ತಲಾಗಿ ಕರೆಂಟ್ ಹೋದರೆ ಅದೂ ಕಾಣುವುದಿಲ್ಲ, ಆಗ ಅವಳ ಗುಂಪು ಬಾಗಿಲ ಬೆಳಕಿಗೆ. ಮಳೆ ಜೋರಾದಾಗ ಎಲ್ಲರಿಗೂ ಬರವಣಿಗೆ ಕೆಲಸ, ಮಾತಿನ ಪಾಠ ಮಳೆ ತಗ್ಗಿದ ಮೇಲೆ. ಈ ಕೊನೆಯದ್ದು ಇಡೀ ಕ್ಲಾಸಿಗೇ ಒಳ್ಳೆಯದಾಯಿತು ಅಂತ ಅಲ್ಲಿನ ಟೀಚರ್ ಹೇಳಿದರು. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕುವ ಮಕ್ಕಳಿಗೂ ಇಂಥದ್ದೇ ಒಂದು ಪುಟ ಬೇಕು. ಚರ್ಮದ ಪಟ್ಟಿ ಬೂಸಲು ಹಿಡಿಯುತ್ತದೆ, ಒದ್ದೆ ಪಟ್ಟಿ ಚರ್ಮ ಉಜ್ಜಿ ಗಾಯವಾಗುತ್ತದೆ. ಗಾಲಿಕುರ್ಚಿ ಕೆಸರಲ್ಲಿ ಹೂತುಹೋಗುತ್ತದೆ. ಮಳೆ ರಜೆ ಸಾಲುಸಾಲಾಗಿ ಬಂದಾಗ ಮನೆಯಲ್ಲಿ ಮಾಡಬಹುದಾದದ್ದು ಯಾವುದು ಅಂತ ಮೊದಲೇ ಬರೆದಿರಬೇಕು.

ಅಡಿಕೆ ಕೊಯ್ಲಿನ ಕಾಲಕ್ಕೂ ಲೆಕ್ಕ ಬೇಕು. ಆಗ ಮನೆಮಂದಿಯೆಲ್ಲ ರಾತ್ರಿಯವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ದಿನಾ ಅರ್ಧ ಗಂಟೆ ಮಗುವಿನ ಜೊತೆ ಕೂತು ಅಭ್ಯಾಸ ಮಾಡಿಸಿ ಅಂತ ಆ ತಿಂಗಳುಗಳಿಗೆ ಬರೆದರೆ ಆ ಅಮ್ಮನಿಗೆ ನಾವು ಬರೀ ಅಪರಾಧಿ ಭಾವ ಕೊಟ್ಟಂತೆ. ಅಡಿಕೆ ಸುಲಿಯುವ ಜಾಗದಲ್ಲೇ ಮಗು ಕೂತು ಮಾಡಬಹುದಾದದ್ದನ್ನು ಬರೆಯಬೇಕು.

ನಮೂನೆಯಲ್ಲಿ 'ಜವಾಬ್ದಾರಿ ಯಾರು' ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಬರೆಯುವುದು 'ವಿಶೇಷ ಶಿಕ್ಷಕರು'. ನಾನು ಒಂದು ಮಗುವನ್ನು ನೋಡುವುದು ವಾರಕ್ಕೊಮ್ಮೆ, ದೂರದ ಮನೆಯಾದರೆ ಅದಕ್ಕಿಂತ ಕಮ್ಮಿ. ಮಗು ಕಲಿಯುವುದು ಉಳಿದ ದಿನಗಳಲ್ಲಿ. ವಿಶೇಷ ಶಿಕ್ಷಕರ ಕೊರತೆಯ ಬಗ್ಗೆ ನಡೆದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಅನುಪಾತ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಿಗೆ ಹದಿನೈದಕ್ಕೆ ಒಬ್ಬರು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ಹುದ್ದೆಗಳನ್ನು ಗುರುತಿಸಿ ಪ್ರಕಟಿಸಿ ಅಂತ ರಾಜ್ಯಗಳಿಗೆ ಆದೇಶ ಕೊಟ್ಟಿತು. ನಮ್ಮಂಥ ತಾಲ್ಲೂಕುಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಮಕ್ಕಳು, ದಾಟಬೇಕಾದ ಹೊಳೆ ಗುಡ್ಡ ನೋಡಿದರೆ ಆ ಹುದ್ದೆಗಳು ಬೇಗ ತುಂಬಬೇಕು. ಇದನ್ನು ಕೇಳುತ್ತಲೇ ಇರಬೇಕು, ಪೋಷಕರೂ ಕೇಳಬೇಕು. ಆದರೆ ಹುದ್ದೆ ತುಂಬಿದ ಮೇಲೂ ಆ ಕಾಲಂನಲ್ಲಿ ಒಂದೇ ಹೆಸರು ಸಾಲದು. ಪುಟ್ಟನ ಕಾಗದದಲ್ಲಿ ಚಡ್ಡಿಗೆ ಅಜ್ಜಿಯ ಹೆಸರಿದೆ, ತಟ್ಟೆಗೆ ಬಿಸಿಯೂಟದ ಅಕ್ಕನ ಹೆಸರಿದೆ. ಅವನು ತಟ್ಟೆ ತಾನೇ ಹುಡುಕುವವರೆಗೆ ತಾನು ಬಡಿಸುವುದಿಲ್ಲ, ಕಾಯುತ್ತೇನೆ ಅಂತ ಅವರೇ ಒಪ್ಪಿಕೊಂಡರು. ನೂರು ಮಕ್ಕಳ ಸಾಲು ಹಿಂದೆ ನಿಂತಿರುವಾಗ ಆ ಕಾಯುವಿಕೆ ಸುಲಭವಲ್ಲ.

ದೂರ ಅಂದೆ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯ ಮನೆಗಳಿಗೆ ಹೋಗಬೇಕಾದರೆ ಮೊದಲು ಲಾಂಚ್ ಹಿಡಿಯಬೇಕಿತ್ತು. ಲಾಂಚಿನ ಸಮಯಕ್ಕೇ ಎಲ್ಲ. ಫಿಸಿಯೋಥೆರಪಿಗೆ ಅಂತ ಮಗುವನ್ನು ಎತ್ತಿಕೊಂಡು ಸಾಗರಕ್ಕೆ ಬರುವ ಅಮ್ಮ ಲಾಂಚು ತಪ್ಪೀತು ಅಂತ ಗಡಿಯಾರ ನೋಡುತ್ತಲೇ ಇರುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲವಾಯಿತು ಅಂತ ಎಲ್ಲರೂ ಬರೆದರು. ಈ ಅಮ್ಮಂದಿರಿಗೆ ಆದ ಅನುಕೂಲವನ್ನೂ ಬರೆಯಬೇಕು. ಯೋಜನೆಯಲ್ಲಿ 'ತಿಂಗಳಿಗೊಮ್ಮೆ ಫಿಸಿಯೋ' ಅಂತ ಇದ್ದದ್ದನ್ನು ಹೆಚ್ಚು ಸಲಕ್ಕೆ ತಿದ್ದಲು ಈಗ ಧೈರ್ಯ ಬರುತ್ತದೆ.

ಯುಡಿಐಡಿ, ಅಂದರೆ ವಿಕಲತೆಯ ಗುರುತಿನ ಕಾರ್ಡು, ಅದರ ಮೇಲಿನ ಶೇಕಡಾ ಸಂಖ್ಯೆಯ ಬಗ್ಗೆ ಒಂದೇ ಮಾತು. ಅದು ಸೌಲಭ್ಯಕ್ಕೆ ಬೇಕು, ಮಾಡಿಸಿಕೊಳ್ಳಿ. ಕಲಿಕೆಯ ಯೋಜನೆಗೆ ಅದರಿಂದ ಏನೂ ಸಿಗುವುದಿಲ್ಲ. ಶೇ. 75 ಅಂದರೆ ನಾಳೆ ಬೆಳಿಗ್ಗೆ ಏನು ಕಲಿಸಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಾಸಿಗೆಯಲ್ಲೇ ಇರುವ ಮಕ್ಕಳಿಗೆ ಯೋಜನೆ ಯಾಕೆ, ಸುಮ್ನೆ ನೋಡಿಕೊಂಡರೆ ಸಾಲದಾ ಅಂತ ಕೇಳುವವರಿದ್ದಾರೆ. ತೀವ್ರವಾದ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹತೋಟಿ ತಪ್ಪುವುದು) ಇರುವ ಹನ್ನೊಂದು ವರ್ಷದ ಒಬ್ಬ ಹುಡುಗಿ, ಗೃಹಾಧಾರಿತ ಶಿಕ್ಷಣದಲ್ಲಿ ಇದ್ದಾಳೆ. ಮಾತಿಲ್ಲ, ಕೈ ಹತೋಟಿಯಲ್ಲಿಲ್ಲ. ಅವಳ ಯೋಜನೆಯ ಮೊದಲ ಸಾಲು 'ಎರಡರಲ್ಲಿ ಒಂದನ್ನು ಕಣ್ಣಿನಿಂದ ಆರಿಸುತ್ತಾಳೆ.' ಬೆನ್ನಿಗೆ, ಕುತ್ತಿಗೆಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಎಡಕ್ಕೆ ಗಂಜಿ ಬಟ್ಟಲು, ಬಲಕ್ಕೆ ಬಾಳೆಹಣ್ಣು ಹಿಡಿದು ಕಾಯಬೇಕು. ಅವಳು ಎಷ್ಟು ಹೊತ್ತು ತೆಗೆದುಕೊಂಡರೂ ಕಾಯಬೇಕು. ಅವಳು ಯಾವುದರ ಮೇಲೆ ಕಣ್ಣು ನಿಲ್ಲಿಸುತ್ತಾಳೋ ಅದನ್ನೇ ಕೊಡಬೇಕು, ನಮಗೆ ಬೇರೆಯದು ಸರಿ ಅನ್ನಿಸಿದರೂ. ಕೆಲವು ತಿಂಗಳ ನಂತರ ಒಂದು ದಿನ ಅವಳು ಎರಡನ್ನೂ ನೋಡದೆ ಮುಖ ತಿರುಗಿಸಿದಳಂತೆ. "ಬೇಡ ಅಂತ ಹೇಳೋಕೆ ಕಲಿತ್ಲು ಅಕ್ಕೋರೆ" ಅಂತ ಅವಳ ಅಮ್ಮ ಫೋನ್ ಮಾಡಿದರು, ಗಂಟಲು ಕಟ್ಟಿತ್ತು. ಹನ್ನೊಂದು ವರ್ಷ ಅವಳಿಗೆ ಬೇಡ ಅನ್ನುವ ಅವಕಾಶವೇ ಇರಲಿಲ್ಲ. ಆ ಸಾಲಿಗೆ ಬೆಲೆ ಕಟ್ಟುವ ಅಂಕಪಟ್ಟಿ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಮಕ್ಕಳು ದೊಡ್ಡವರಾಗುತ್ತಾರೆ ಅನ್ನುವುದನ್ನು ನಮ್ಮ ಯೋಜನೆಗಳು ತಡವಾಗಿ ನೆನಪಿಸಿಕೊಳ್ಳುತ್ತವೆ. ಉಚಿತ ಶಿಕ್ಷಣದ ಹಕ್ಕು ಹದಿನೆಂಟಕ್ಕೆ ನಿಲ್ಲುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಹದಿನೆಂಟಾದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ವ್ಯವಸ್ಥೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿದೆ. ಅದರ ಮಾತೂ ಮನೆಯಲ್ಲಿ ಮೊದಲೇ ಆಗಬೇಕು. ಹದಿನಾಲ್ಕು ತುಂಬಿದ ಮಗುವಿನ ಯೋಜನೆ ಬರೆಯುವಾಗ ನಾನು ಪ್ರಶ್ನೆಯನ್ನೇ ಬದಲಿಸುತ್ತೇನೆ. ಇಪ್ಪತ್ತು ವರ್ಷಕ್ಕೆ ಇವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ ಇರುತ್ತಾನೆ? ಉತ್ತರದಿಂದ ಹಿಂದಕ್ಕೆ ಬರುತ್ತೇವೆ. ಒಬ್ಬ ಹುಡುಗನಿಗೆ ಈಗ ಹದಿನಾರು. ಸೊಸೈಟಿಗೆ ಹಾಲು ಒಯ್ಯುತ್ತಾನೆ, ಲೀಟರ್ ಗುರುತು ಓದುತ್ತಾನೆ, ಚೀಟಿ ಮನೆಗೆ ತಂದು ಕೊಡುತ್ತಾನೆ. ಹಾಲಿನ ಸೊಸೈಟಿಯಲ್ಲೇ ಒಂದು ಕೆಲಸ ಆಗಬಹುದು ಅಂತ ಅವನ ಮನೆಯವರ ಆಸೆ, ಸೊಸೈಟಿಯವರಿಗೂ ಇಷ್ಟವಿದೆ. ಆದರೆ ಅದಕ್ಕೆ ಅವನು ಒಬ್ಬನೇ ಪೇಟೆಗೆ ಹೋಗಿ ಬರಬೇಕಾಗುತ್ತದೆ.

ಆದ್ದರಿಂದ ಈ ವರ್ಷದ ಯೋಜನೆಯಲ್ಲಿ ಓದು ಬರಹಕ್ಕಿಂತ ಮೇಲೆ ಬಸ್ಸು ಇದೆ. ನಮ್ಮ ಒಳ ಊರುಗಳಿಗೆ ಬರುವುದು ಜಾಸ್ತಿ ಖಾಸಗಿ ಬಸ್ಸು, ಸರ್ಕಾರಿ ಬಸ್ಸಿನ ಪಾಸು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಚಿಲ್ಲರೆ ತೆಗೆದುಕೊಳ್ಳುವುದೂ ಸೇರಿತು. ಬೋರ್ಡ್ ಓದಲು ಬಾರದಿದ್ದರೂ ಬಸ್ಸಿನ ಬಣ್ಣ, ಬರುವ ಹೊತ್ತು ಅವನಿಗೆ ಗೊತ್ತು. ಮೊದಲು ಅಪ್ಪನ ಜೊತೆ ಒಂದೇ ಸೀಟಿನಲ್ಲಿ, ಆಮೇಲೆ ಅಪ್ಪ ಹಿಂದಿನ ಸೀಟಿನಲ್ಲಿ, ಆಮೇಲೆ ಅಪ್ಪ ಬೈಕಿನಲ್ಲಿ ಬಸ್ಸಿನ ಹಿಂದೆ. ಇಳಿಯುವ ಜಾಗ ತಪ್ಪಿದರೆ ಏನು ಮಾಡಬೇಕು, ಯಾರ ನಂಬರ್ ಜೇಬಿನಲ್ಲಿರಬೇಕು ಅನ್ನುವುದಕ್ಕೂ ಸಾಲುಗಳಿವೆ. ಕಂಡಕ್ಟರ್ ಹತ್ತಿರ ಮಾತಾಡಲು ನಾನೇ ಹೋಗಿದ್ದೆ. ವಿಷಯ ಕೇಳಿ, "ಅವ್ನು ನಮ್ಮ ಹುಡುಗ ಬಿಡಿ ಮೇಡಂ, ಇಳಿಸೋದಲ್ಲ, ಇಳಿಯೋದು ಕಲಿಸ್ಬೇಕು ಅಷ್ಟೇ ಅಲ್ವಾ" ಅಂದರು. ಜವಾಬ್ದಾರಿ ಯಾರು ಅನ್ನುವ ಕಾಲಂನಲ್ಲಿ ಅವನ ಅಪ್ಪನ ಹೆಸರಿನ ಕೆಳಗೆ ಅವರ ಹೆಸರನ್ನೂ ಬರೆದಿದ್ದೇನೆ.